ಹಾಲು ಕುಡಿಯುವಾಗ ಬೆವರುವ ಮಗು

ಎಳೆಮಗುವಿಗೂ ಹಾರ್ಟ್ ಅಟ್ಯಾಕ್ ಆಗುತ್ತದಾ? ಆಗುತ್ತದೆ. ಅದು ಜಗತ್ತಿಗೆ ಗೊತ್ತಾದ ಕತೆ ಇತ್ತೀಚೆಗೆ ಓದಿದೆ. ನಾನು ಡಾಕ್ಟರಲ್ಲ, ಕೋಡ್ ಬರೆದು ಬದುಕುವವನು. ಆದರೂ ಹೇಳದೆ ಇರಲಾಗುತ್ತಿಲ್ಲ.

1933ರಲ್ಲಿ ಬಾಸ್ಟನ್ನಿನ ಬ್ಲಾಂಡ್, ವೈಟ್, ಗಾರ್ಲೆಂಡ್ ಎಂಬ ಮೂವರು ವೈದ್ಯರು ಒಂದು ಲೇಖನ ಪ್ರಕಟಿಸಿದರು. ಅದು ಮೂರು ತಿಂಗಳ ಒಂದು ಗಂಡುಮಗುವಿನ ಬಗ್ಗೆ. ಸುಮಾರು ಹತ್ತು ವಾರ ಆರೋಗ್ಯವಾಗಿಯೇ ಇದ್ದ ಮಗು, ಆಮೇಲೆ ಹಾಲು ಕುಡಿಯುವಾಗ ಬಿಳಿಚಿಕೊಂಡು ಬೆವರತೊಡಗಿತು. ಇಸಿಜಿ ತೆಗೆದರೆ ದೊಡ್ಡವರ ಹೃದಯಾಘಾತದ ಗುರುತುಗಳು! ಮಗು ಉಳಿಯಲಿಲ್ಲ. ಕಾರಣ ಸಿಕ್ಕಿದ್ದು ಮರಣೋತ್ತರ ಪರೀಕ್ಷೆಯಲ್ಲಿ. ಆ ಮಗು ಆಬ್ರಿ ಹ್ಯಾಂಪ್ಟನ್ ಎಂಬ ವೈದ್ಯರ ಮಗ. ಇದೇ ಬಗೆಯ ದೋಷವನ್ನು 1885ರಲ್ಲಿ ಬ್ರೂಕ್ಸ್, 1911ರಲ್ಲಿ ಅಬ್ರಿಕೊಸೊಫ್ ಶವಗಳಲ್ಲಿ ಕಂಡಿದ್ದರು. ಬದುಕಿದ್ದಾಗಿನ ಲಕ್ಷಣಕ್ಕೂ ಈ ದೋಷಕ್ಕೂ ಗಂಟು ಹಾಕಿದ್ದು ಮಾತ್ರ ಈ ಮೂವರು.

ದೋಷ ಏನೆಂದು ತಿಳಿಯಲು ನಮ್ಮ ಬಂಟ್ವಾಳದ ಅಡಿಕೆ ತೋಟಕ್ಕೆ ಬನ್ನಿ. ಹೃದಯ ಒಂದು ಪಂಪು. ಆ ಪಂಪಿನ ಸ್ನಾಯುವಿಗೇ ರಕ್ತ ಕೊಡುವ ಎರಡು ಕೊರೋನರಿ ನಾಳಗಳು ಮಹಾಧಮನಿಯಿಂದ ಹೊರಡಬೇಕು. ಸುಮಾರು ಮೂರು ಲಕ್ಷ ಮಕ್ಕಳಲ್ಲಿ ಒಂದಕ್ಕೆ ಎಡಗಡೆಯದು ಶ್ವಾಸಕೋಶದ ಧಮನಿಗೆ ಜೋಡಣೆಯಾಗಿರುತ್ತದೆ. ಹುಟ್ಟಿದ ಹೊಸದರಲ್ಲಿ ಅಲ್ಲೂ ಒತ್ತಡ ಜಾಸ್ತಿ ಇರುವುದರಿಂದ ಹೇಗೋ ನಡೆಯುತ್ತದೆ. ವಾರಗಳು ಕಳೆದ ಹಾಗೆ ಆ ಒತ್ತಡ ಇಳಿಯುತ್ತದೆ. ಆಗ ಬಲನಾಳದಿಂದ ಬಂದ ರಕ್ತವೂ ಎಡನಾಳದ ಮೂಲಕ ಹಿಂದಕ್ಕೆ ಸೋರಿಹೋಗುತ್ತದೆ. ತಗ್ಗಿನ ಗೇಟ್‌ವಾಲ್ ತೆರೆದಿಟ್ಟರೆ ಮೇಲಿನ ತೋಟಕ್ಕೆ ನೀರು ಏರುತ್ತದಾ? ಹಾಗೇ ಇದೂ. ಹಾಲು ಕುಡಿಯುವುದು ಎಳೆಮಗುವಿಗೆ ದೊಡ್ಡ ಶ್ರಮ. ಅದಕ್ಕೇ ಲಕ್ಷಣ ಮೊದಲು ಅಲ್ಲೇ ಕಾಣುವುದು.

ರಕ್ತ ಹೀಗೆ ಹಿಂದಕ್ಕೆ ಹರಿಯುತ್ತದೆಂದು ತೋರಿಸಿ 1960ರಲ್ಲಿ ಪ್ರಕಟಿಸಿದವರು ಅಮೆರಿಕದ ಸಬಿಸ್ಟನ್, ನೀಲ್ ಮತ್ತು ಟೌಸಿಗ್. ಆಪರೇಷನ್‌ನಲ್ಲಿ ಆ ನಾಳವನ್ನು ಬುಡದಲ್ಲಿ ಒತ್ತಿ ಹಿಡಿದಾಗ ಅದರೊಳಗಿನ ಒತ್ತಡ ಏರಿತು. ಹಾಗಾಗಿ ಬುಡದಲ್ಲೇ ಕಟ್ಟಿಬಿಟ್ಟರು, ಅಂದರೆ ಗೇಟ್‌ವಾಲ್ ಮುಚ್ಚಿದ ಹಾಗೆ. 1974ರ ಹೊತ್ತಿಗೆ ನಾಳವನ್ನೇ ಕಿತ್ತು ಮಹಾಧಮನಿಗೆ ಹೊಲಿಯುವ ವಿಧಾನ ಬಂತು. ಅದು ಎಟುಕದಿದ್ದರೆ ಒಳಗೇ ಸುರಂಗ ಮಾಡುವ ದಾರಿಯನ್ನು 1979ರಲ್ಲಿ ಜಪಾನಿನ ಟಕೆಯುಚಿ ತೋರಿಸಿದರು. ಈಗ ಎಕೋದಲ್ಲಿ ರಕ್ತದ ಹರಿವು ಬಣ್ಣದಲ್ಲಿ ಕಾಣುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ನೂರಕ್ಕೆ ತೊಂಬತ್ತು ಮಕ್ಕಳು ಒಂದು ವರ್ಷ ದಾಟುವುದಿಲ್ಲ. ಬೇಗ ಹಿಡಿದರೆ ಬಹುಪಾಲು ಬದುಕುತ್ತವೆ, ಹೃದಯವೂ ಚೇತರಿಸಿಕೊಳ್ಳುತ್ತದೆ.

ನಮ್ಮ ಊರಿನ ಕತೆ? ನನ್ನ ಅಜ್ಜಿಯ ಎರಡನೇ ಮಗು ಮೂರು ತಿಂಗಳಿಗೇ ಹೋಯಿತಂತೆ. ಹಾಲು ಕುಡಿಯುವಾಗ ಬೆವರುತ್ತಿತ್ತು ಅನ್ನುತ್ತಿದ್ದರು. ದೃಷ್ಟಿ ತೆಗೆದರು, ಬಾಲಗ್ರಹ ಎಂದು ನೂಲು ಕಟ್ಟಿಸಿದರು. ಅದು ಇದೇ ದೋಷ ಅಂತ ನಾನು ಹೇಳುತ್ತಿಲ್ಲ. ಬೆವರಿಗೆ ಬೇರೆ ಹೃದಯದೋಷಗಳೂ ಕಾರಣವಾಗಬಹುದು. ಆದರೆ ಕೇಳುವವರೇ ಇರಲಿಲ್ಲ, ಎದೆಗೆ ಕಿವಿಯಿಟ್ಟವರೂ ಇರಲಿಲ್ಲ. "ನನ್ನ ಹಾಲೇ ಆಗಿಬರಲಿಲ್ಲ" ಅಂತ ಅಜ್ಜಿ ಕೊನೆಯವರೆಗೂ ತನ್ನನ್ನೇ ದೂರಿಕೊಂಡರು.

ಮೂಡುಬಿದಿರೆಗೆ ಹತ್ತಿರದ ಕಿನ್ನಿಗೋಳಿಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಎಂಬಿಬಿಎಸ್ ಓದಿದ ದೇವಿ ಶೆಟ್ಟಿ 1992ರಲ್ಲಿ ಕಲ್ಕತ್ತೆಯಲ್ಲಿ ಒಂಬತ್ತು ದಿನದ ಮಗುವಿನ ಹೃದಯದ ಆಪರೇಷನ್ ಮಾಡಿದರು. 2000ದಲ್ಲಿ ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯ ಶುರುವಾಯಿತು. 2001ರಲ್ಲಿ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಉಚಿತ ಚಿಕಿತ್ಸೆಯ ಬಾಗಿಲು ತೆರೆಯಿತು. 2013ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣಾ ತಂಡಗಳು ಅಂಗನವಾಡಿಗೇ ಬರುತ್ತವೆ, ಜನ್ಮಜಾತ ಹೃದಯದೋಷವೂ ಅವರ ಪಟ್ಟಿಯಲ್ಲಿದೆ. ಆದರೆ ಈ ಮಕ್ಕಳಿಗೆ ಅಂಗನವಾಡಿಯವರೆಗೆ ಕಾಯುವ ಸಮಯವಿಲ್ಲ. ಮೊದಲು ನೋಡಬೇಕಾದವರು ಮನೆಯವರೇ.

ಹಾಲು ಕುಡಿಯುವಾಗ ಬೆವರುವುದು, ಏದುಸಿರು, ತೂಕ ಏರದಿರುವುದು... ಇಷ್ಟು ಕಂಡರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮತ್ತೆ, ತಾಯಿಯ ಹಾಲನ್ನು ಮಾತ್ರ ದೂರಬೇಡಿ.