ಗೆರೆ ನಮ್ಮದು, ಹೀರೋ ಯಾರದ್ದು?

ಸ್ಪೈಡರ್‌ಮ್ಯಾನ್ ಕಚ್ಚೆಪಂಚೆ ಉಟ್ಟಿದ್ದು ನಿಮಗೆ ಗೊತ್ತಾ? ತಮಾಷೆಯಲ್ಲ ವೀಕ್ಷಕರೇ, ಇದು 2004ರ ಮಾತು. ಅಮೆರಿಕದ ಮಾರ್ವೆಲ್ ಕಂಪನಿಯಿಂದ ಲೈಸೆನ್ಸ್ ಪಡೆದು, ಗೋಥಮ್ ಎಂಬ ಪ್ರಕಾಶನ ಸಂಸ್ಥೆ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಸರಣಿ ತಂದಿತು. ಪೀಟರ್ ಪಾರ್ಕರ್ ಪವಿತ್ರ್ ಪ್ರಭಾಕರ್ ಆದ. ಜೇಡ ಕಚ್ಚಲಿಲ್ಲ, ಯೋಗಿಯೊಬ್ಬ ಶಕ್ತಿ ಕೊಟ್ಟ. ಅವನಿಗೆ ರೂಪ ಕೊಟ್ಟವರು ಬೆಂಗಳೂರಿನ ಕಲಾವಿದ ಜೀವನ್ ಕಾಂಗ್.

ಎರಡು ವರ್ಷ ಬಿಟ್ಟು, 2006ರಲ್ಲಿ, ಇದೇ ತಂಡದ ಶರದ್ ದೇವರಾಜನ್ ಮತ್ತು ಸುರೇಶ್ ಸೀತಾರಾಮನ್ ಜೊತೆ ರಿಚರ್ಡ್ ಬ್ರಾನ್ಸನ್, ದೀಪಕ್ ಚೋಪ್ರಾ, ಶೇಖರ್ ಕಪೂರ್ ಕೈಜೋಡಿಸಿದರು. ವರ್ಜಿನ್ ಕಾಮಿಕ್ಸ್ ಶುರುವಾಯಿತು. ಒಂದು ಕಚೇರಿ ನ್ಯೂಯಾರ್ಕ್‌ನಲ್ಲಿ, ಇನ್ನೊಂದು ನಮ್ಮ ಬೆಂಗಳೂರಲ್ಲಿ. ‘ದೇವಿ’, ‘ದ ಸಾಧು’ – ಕಥೆ ನಮ್ಮ ನೆಲದ್ದು, ಭಾಷೆ ಇಂಗ್ಲಿಷ್. 2008ರಲ್ಲಿ ನ್ಯೂಯಾರ್ಕ್ ಕಚೇರಿ ಮುಚ್ಚಿತು. ನಡೆಸುತ್ತಿದ್ದವರೇ ಕಂಪನಿ ಕೊಂಡುಕೊಂಡು ಲಿಕ್ವಿಡ್ ಕಾಮಿಕ್ಸ್ ಅಂತ ಹೆಸರು ಬದಲಿಸಿದರು.

ಆದರೆ ಪವಿತ್ರ್ ಪ್ರಭಾಕರ್ ಏನಾದ? 2023ರಲ್ಲಿ ಹಾಲಿವುಡ್‌ನ ‘ಅಕ್ರಾಸ್ ದ ಸ್ಪೈಡರ್‌ವರ್ಸ್’ ಚಿತ್ರದಲ್ಲಿ ಜಿಗಿದ. ಚಿತ್ರ ಕನ್ನಡದಲ್ಲೂ ಬಂತು, ನಮ್ಮ ಮಕ್ಕಳು ಚಪ್ಪಾಳೆ ತಟ್ಟಿದರು. ಹುಡುಗ ನಮ್ಮವನು. ಹಕ್ಕು? ಮಾರ್ವೆಲ್‌ದು.

ಎಂಜಿನಿಯರಿಂಗ್ ಓದಿದವರಿಗೆ ಈ ಕಥೆ ಹೊಸದಲ್ಲ. ಬೆಂಗಳೂರಲ್ಲಿ ಕೂತು ಕೋಡ್ ಬರೀತೀವಿ, ಪ್ರಾಡಕ್ಟ್ ಇನ್ಯಾರದ್ದೋ ಹೆಸರಲ್ಲಿ ಮಾರಾಟ ಆಗುತ್ತೆ. ಸಂಬಳ ಸಿಗುತ್ತೆ, ಮಾಲೀಕತ್ವ ಸಿಗಲ್ಲ. ಇದರಲ್ಲಿ ಮೋಸ ಇಲ್ಲ, ಅದು ಒಪ್ಪಂದ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಅವನನ್ನು 130 ಡಾಲರ್‌ಗೆ ಬರೆದುಕೊಟ್ಟರು. ಆಮೇಲೆ ದಶಕಗಟ್ಟಲೆ ಹೋರಾಡಿದರು. 1975ರಲ್ಲಿ ಕಂಪನಿ ಪಿಂಚಣಿ ಕೊಟ್ಟಿತು, ಹೀರೋನನ್ನು ಕೊಡಲಿಲ್ಲ.

ಹಾಗಂತ ನಾವು ಯಾವತ್ತೂ ಮೊದಲಿಗರಾಗಿರಲಿಲ್ಲವಾ? ಆಗಿದ್ವಿ! ಅಮರ ಚಿತ್ರಕಥೆ ಅಂದಾಕ್ಷಣ ಎಲ್ಲರಿಗೂ ಮುಂಬೈ ನೆನಪಾಗುತ್ತೆ, 1967ರಲ್ಲಿ ಅದನ್ನು ಕಟ್ಟಿದ ಅನಂತ ಪೈ ನೆನಪಾಗುತ್ತಾರೆ. ಪೈ ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, ಓದಿದ್ದು ಕೆಮಿಕಲ್ ಟೆಕ್ನಾಲಜಿ. ಆದರೆ ಅದಕ್ಕೂ ಮೊದಲು, 1965ರಲ್ಲೇ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಇದೇ ಹೆಸರಲ್ಲಿ ಪುಸ್ತಕ ತಂದಿದ್ದರು. ಸಿಂಡ್ರೆಲಾಳಂಥ ಪಾಶ್ಚಾತ್ಯ ಕಥೆಗಳು, ಕನ್ನಡದಲ್ಲಿ! ಇಂಗ್ಲಿಷ್ ಸರಣಿಯ ‘ಕೃಷ್ಣ’ನಿಗೆ 11ನೇ ಸಂಖ್ಯೆ ಯಾಕೆ? ಮೊದಲ ಹತ್ತು ಸಂಖ್ಯೆ ಈ ಕಥೆಗಳದ್ದು. ದೇಶ ನೆನಪಿಟ್ಟಿದ್ದು ಹನ್ನೊಂದರಿಂದ ಆಚೆಗಿನದನ್ನ ಮಾತ್ರ.

ಈಗ ಸೊರಬ ತಾಲೂಕಿನ ಚಂದ್ರಗುತ್ತಿಗೆ ಬನ್ನಿ. ಚಂದ್ರನನ್ನೇ ಮರೆಮಾಡುವಷ್ಟು ಎತ್ತರ ಅನ್ನಿಸಿಕೊಂಡ ಗುಡ್ಡ, ಮೇಲೊಂದು ಹಳೇ ಕೋಟೆ, ಗುಹೆಯೊಳಗೆ ರೇಣುಕಾಂಬೆ. ಕೊಡಲಿ ಹಿಡಿದು ಬಂದ ಮಗ ಪರಶುರಾಮನಿಂದ ತಪ್ಪಿಸಿಕೊಂಡ ತಾಯಿ ಈ ಬಂಡೆಯೊಳಗೆ ಸೇರಿಕೊಂಡಳು ಅನ್ನುತ್ತೆ ಸ್ಥಳಪುರಾಣ. ಜಾತ್ರೆಗೆ ಬರೋ ಪ್ರತಿ ಅಜ್ಜಿಗೂ ಈ ಕಥೆ ಗೊತ್ತು. ಇದಕ್ಕಿಂತ ಬೇರೆ ಸೂಪರ್‌ಹೀರೋ ಕಥೆ ಬೇಕಾ?

ಇಲ್ಲೊಂದು ಕಾನೂನಿನ ಮಾತಿದೆ. ಪುರಾಣಕ್ಕೆ ಕಾಪಿರೈಟ್ ಇಲ್ಲ. ಅದು ಎಲ್ಲರದ್ದು. ಆದರೆ ಆ ಪುರಾಣದಿಂದ ಹುಟ್ಟಿಸಿದ ಹೊಸ ಪಾತ್ರ, ಅದರ ಮುಖ, ವೇಷ, ಗೆರೆಗೆ ಹಕ್ಕಿದೆ. ಅಜ್ಜಿಯ ಕಥೆಯನ್ನು ಸೊರಬದ ಹುಡುಗಿ ಚಿತ್ರವಾಗಿಸಿ ಹಕ್ಕು ತನ್ನಲ್ಲೇ ಇಟ್ಟುಕೊಂಡರೆ ಆ ಹೀರೋ ಅವಳದ್ದು. ಬೇರೆಯವರಿಗೆ ಬರೆದುಕೊಟ್ಟರೆ, ನಾಳೆ ತನ್ನ ಊರಿನ ಕಥೆಯನ್ನು ಅವಳೇ ಟಿಕೆಟ್ ತಗೊಂಡು ನೋಡಬೇಕು.

ಪ್ರತಿಭೆಗೆ ಬರ ಇಲ್ಲ, ಕಥೆಗಂತೂ ಇಲ್ಲವೇ ಇಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ಚಿತ್ರ ಬಿಡಿಸೋ ಮಗು ಇದ್ದರೆ ಎರಡು ಮಾತು ಹೇಳಿ. ಒಂದು, ಕನ್ನಡದಲ್ಲಿ ಬರಿ. ಎರಡು, ಸಹಿ ಹಾಕೋ ಮುಂಚೆ ಕಾಗದ ಪೂರ್ತಿ ಓದು.