ಸಾಷ್ಟಿಯ ಗುಹಾಶಿಲ್ಪ ಮತ್ತು 18ನೆಯ ಶತಮಾನದ ಐರೋಪ್ಯ ಕಲಾವಿದರು

ಹದಿನೆಂಟನೆಯ ಶತಮಾನದ ಐರೋಪ್ಯ ಕಲೆ ಎಂದೊಡನೆ ಕಲಾಚರಿತ್ರೆಯ ಪುಸ್ತಕಗಳು ಪ್ಯಾರಿಸ್, ವೆನಿಸ್, ರೋಮ್, ಲಂಡನ್ ನಗರಗಳ ಹೆಸರೆತ್ತುತ್ತವೆ. ವಾತೋ (1684–1721), ಕಾನಾಲೆತ್ತೊ (1697–1768), ರೆನಾಲ್ಡ್ಸ್ (1723–1792), ಹೂದೋ (1741–1828), ಕಾನೋವಾ (1757–1822) ಆ ಪುಸ್ತಕಗಳ ನಾಯಕರು. ಅದೇ ಶತಮಾನದಲ್ಲಿ ಥಾಣೆ ಖಾರಿಯ ಸುತ್ತಲಿನ ನೆಲಕ್ಕೂ ಐರೋಪ್ಯ ಚಿತ್ರಕಾರರು ಬಂದರು. ಇಂದು ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿ ಎಂದು ಗುರುತಿಸುವ ಈ ಪ್ರದೇಶದ ಪಶ್ಚಿಮದಲ್ಲಿ ಸಾಷ್ಟಿ ದ್ವೀಪ. ಐರೋಪ್ಯರ ಬಾಯಲ್ಲಿ ಅದು ಸಾಲ್ಸೆಟ್. ದಕ್ಷಿಣಕ್ಕೆ, ನವಿಮುಂಬಯಿಯ ಕಡಲಂಚಿನಾಚೆ ಘಾರಾಪುರಿ, ಅಂದರೆ ಎಲಿಫೆಂಟಾ. ಬಂದವರನ್ನು ಸಾಮಾನ್ಯವಾಗಿ ಈಸ್ಟ್ ಇಂಡಿಯಾ ಕಂಪನಿಯ ನೆರಳಿನಲ್ಲಿ ಹೊಟ್ಟೆಪಾಡಿಗೆ ಭಾವಚಿತ್ರ ಬರೆದವರೆಂದು ಬದಿಗಿಡುತ್ತಾರೆ. ಅವರ ಕೆಲಸವನ್ನು ಬಿಡಿಯಾಗಿ ನೋಡಿದರೆ ಬೇರೊಂದು ಚಿತ್ರ ಸಿಗುತ್ತದೆ. ಅವರು ಇಲ್ಲಿ ಮಾಡಿದ ಅತ್ಯುತ್ತಮ ಕೆಲಸ ಸರದಾರರ ಮುಖಗಳದ್ದಲ್ಲ, ಕಲ್ಲಿನದು. ಸಾವಿರ ವರ್ಷಕ್ಕೂ ಹಿಂದಿನ ಹೆಸರಿಲ್ಲದ ಶಿಲ್ಪಿಗಳ ಮುಂದೆ ಅವರು ವಿದ್ಯಾರ್ಥಿಗಳಂತೆ ಕೂತು ಅಳೆದರು, ಬರೆದರು. ಬೆಲೆ ಕಟ್ಟುವುದಾದರೆ ಆ ಕೆಲಸಕ್ಕೆ ಕಟ್ಟಬೇಕು.

ಹಾಳುಬಿದ್ದ ಕಟ್ಟಡವನ್ನು ಅಳೆದು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುವ ಹವ್ಯಾಸ ಆ ಶತಮಾನದ ಯುರೋಪಿನಲ್ಲಿ ಬಲವಾಗಿತ್ತು. ಪಿರಾನೇಸಿ (1720–1778) ರೋಮಿನ ಅವಶೇಷಗಳನ್ನು ಮನೆಮನೆಗೆ ತಲುಪಿಸಿದ. ಸ್ಟೂವರ್ಟ್ ಮತ್ತು ರೆವೆಟ್ ಅಥೆನ್ಸಿನ ಗುಡಿಗಳನ್ನು ಅಳೆದು ಮೊದಲ ಸಂಪುಟವನ್ನು 1762ರಲ್ಲಿ ಹೊರತಂದರು. ಆ ಕಣ್ಣು ಇಲ್ಲಿಗೆ ಬಂದದ್ದು ಒಂದು ಸಾವಿನ ನಂತರ. ಡೆನ್ಮಾರ್ಕಿನ ದೊರೆ ಅರೇಬಿಯಕ್ಕೆ ಕಳಿಸಿದ ಅಧ್ಯಯನ ತಂಡದ ಚಿತ್ರಕಾರ ಗೆಯೋರ್ಗ್ ವಿಲ್ಹೆಲ್ಮ್ ಬೌರೆನ್‌ಫೈಂಡ್ 1763ರ ಆಗಸ್ಟಿನಲ್ಲಿ, ಮೋಖಾದಿಂದ ಮುಂಬಯಿಗೆ ಬರುವ ಹಡಗಿನಲ್ಲೇ ತೀರಿಕೊಂಡ. ಉಳಿದ ಕಾರ್ಸ್ಟನ್ ನೀಬೂರ್ ವೃತ್ತಿಯಿಂದ ಭೂಮಾಪಕ. 1764ರಲ್ಲಿ ಆತ ಮತ್ತೆ ಮತ್ತೆ ಘಾರಾಪುರಿಗೆ ಹೋಗಿ ಗುಹೆಯ ನಕ್ಷೆಯನ್ನೂ ಮೂರ್ತಿಗಳ ಚಿತ್ರಗಳನ್ನೂ ತಾನೇ ಬರೆದುಕೊಂಡ. ಅವು 1778ರಲ್ಲಿ ಆತನ ಪ್ರವಾಸಕಥನದ ಎರಡನೆಯ ಸಂಪುಟದಲ್ಲಿ ಅಚ್ಚಾದವು. ನೀಬೂರನ ಗೆರೆಗಳಲ್ಲಿ ಚಿತ್ರಕಾರನ ಲಾಲಿತ್ಯವಿಲ್ಲ. ಆದರೆ ಕಂಬಗಳು ಎಷ್ಟು, ಯಾವ ಗೋಡೆಯಲ್ಲಿ ಯಾವ ಮೂರ್ತಿ, ಯಾವ ಕೈ ಮುರಿದಿದೆ ಎಂಬ ಲೆಕ್ಕವಿದೆ.

ನೀಬೂರನ ಕಾಲಕ್ಕೆ ಸಾಷ್ಟಿ ಮರಾಠರದು. ಪೋರ್ಚುಗೀಸರಿಂದ ಅದನ್ನು ಅವರು 1737ರಲ್ಲಿ ಕಿತ್ತುಕೊಂಡಿದ್ದರು. 1774ರ ಡಿಸೆಂಬರಿನ ಕೊನೆಯಲ್ಲಿ ಇಂಗ್ಲಿಷರು ಥಾಣೆಯ ಕೋಟೆಯನ್ನು ಹಿಡಿದರು; ಇಂದು ಆ ಕೋಟೆಯೇ ಥಾಣೆಯ ಸೆಂಟ್ರಲ್ ಜೈಲು. 1782ರ ಸಾಲ್ಬಾಯಿ ಒಪ್ಪಂದ ಸಾಷ್ಟಿಯನ್ನು ಅವರಿಗೇ ಉಳಿಸಿತು. ಚಿತ್ರಕಲೆಯ ಕಥೆಗೆ ಈ ರಾಜಕೀಯ ಹೊರಗಿನದಲ್ಲ. ಒಪ್ಪಂದದ ಗೆರೆ ಎಲ್ಲಿ ಬಿತ್ತೋ ಕುಂಚ ಮೊದಲು ಅಲ್ಲಿಯವರೆಗೆ ಹೋಯಿತು. ಸಾಷ್ಟಿಯ ಕಾನ್ಹೇರಿ, ಜೋಗೇಶ್ವರಿ ಗುಹೆಗಳು ಅಚ್ಚಿನ ಸಂಪುಟಗಳನ್ನು ಸೇರಿದವು. ಕಲ್ಯಾಣದ ಪಕ್ಕದ ಅಂಬರನಾಥದಲ್ಲಿ 1060ರ ಶಾಸನವಿರುವ ಶಿವಾಲಯವಿದೆ; ಅದರ ಹೊರಗೋಡೆಯ ಶಿಲ್ಪಸಾಲು ಯಾವ ಕಲಾವಿದನನ್ನೂ ನಿಲ್ಲಿಸುವಂಥದ್ದು. ಆದರೂ ಆ ಶತಮಾನದ ಹೆಸರಾಂತ ಸಂಪುಟಗಳಲ್ಲಿ ಅದು ಕಾಣುವುದಿಲ್ಲ. ಕಲ್ಯಾಣ ಮರಾಠರ ಕಡೆಗಿತ್ತು ಎಂಬುದರ ಹೊರತು ಇದಕ್ಕೆ ಬೇರೆ ಬಲವಾದ ಕಾರಣ ತೋರುವುದಿಲ್ಲ. ಮರಾಠರ ನೆಲದ ಕಾರ್ಲೆ, ಇನ್ನೂ ದೂರದ ಎಲ್ಲೋರಾ ಚಿತ್ರಿತವಾದವಲ್ಲವೇ ಎಂದು ಕೇಳಬಹುದು. ಆ ಎರಡಕ್ಕೂ ದಾರಿ ತೆರೆದದ್ದು ಪೇಶ್ವೆಯ ದರಬಾರಿನಲ್ಲಿ ಇಂಗ್ಲಿಷ್ ರೆಸಿಡೆಂಟನಾಗಿದ್ದ ಚಾರ್ಲ್ಸ್ ವಾರ್ ಮ್ಯಾಲೆಟ್‌ನ ಪ್ರಭಾವ.

ವೃತ್ತಿಪರರಿಗಿಂತ ಮೊದಲು ಇಲ್ಲಿ ಹವ್ಯಾಸಿಯೊಬ್ಬನಿದ್ದ. ಜೇಮ್ಸ್ ಫೋರ್ಬ್ಸ್ (1749–1819) ಹದಿಹರೆಯದಲ್ಲೇ ಕಂಪನಿಯ ಗುಮಾಸ್ತನಾಗಿ ಮುಂಬಯಿಗೆ ಬಂದು 1784ರವರೆಗೆ ಪಶ್ಚಿಮ ಕರಾವಳಿಯಲ್ಲಿ ದುಡಿದ. ಗಿಡ, ಹಕ್ಕಿ, ಹಣ್ಣು, ಗುಡಿ, ಜನ ಎಲ್ಲವನ್ನೂ ಬರೆದಿಟ್ಟುಕೊಂಡ. 1813ರಲ್ಲಿ ನಾಲ್ಕು ಸಂಪುಟಗಳ 'ಓರಿಯೆಂಟಲ್ ಮೆಮ್ವಾರ್ಸ್' ಪ್ರಕಟಿಸಿದ. ಹೆಸರಾಂತ ಇಂಗ್ಲಿಷ್ ಚಿತ್ರಕಾರನೊಬ್ಬನನ್ನು ತಾನು ಎಲಿಫೆಂಟಾಕ್ಕೆ ಕರೆದೊಯ್ದದ್ದನ್ನು ಆತ ಅದರಲ್ಲಿ ಹೇಳುತ್ತಾನೆ. ಇಟಲಿಯ ಮಹಾಕೃತಿಗಳನ್ನು ಕಂಡಿದ್ದ ಆ ಕಲಾವಿದ, ಕಡಲ ಬಿಸಿಲಿನಿಂದ ಗುಹೆಯ ನೆರಳಿಗೆ ಕಾಲಿಟ್ಟವನು, ತಾನೆಲ್ಲಿದ್ದೇನೆಂಬುದನ್ನೇ ಮರೆತು ನಿಂತನಂತೆ. ಐರೋಪ್ಯ ಕಲಾಲೋಕ ಇನ್ನೂ ಗ್ರೀಸ್–ರೋಮುಗಳ ಅಳತೆಗೋಲನ್ನೇ ಹಿಡಿದಿದ್ದ ಕಾಲವದು. ರೆನಾಲ್ಡ್ಸ್ ಕೂಡ 1786ರ ತನ್ನ ಉಪನ್ಯಾಸದಲ್ಲಿ ಏಷ್ಯದ ಕಟ್ಟಡಗಳಿಂದ ವಾಸ್ತುಶಿಲ್ಪಿಗಳು ಒಂದೆರಡು ಸೂಚನೆ ಪಡೆಯಬಹುದೆಂದನೇ ಹೊರತು ಅವು ಮಾದರಿಯೆಂದು ಒಪ್ಪಲಿಲ್ಲ. ಅಂಥ ಕಾಲದಲ್ಲಿ ಗುಹೆಯೊಳಗೆ ನಿಂತವನ ಆ ಬೆರಗು ಸಣ್ಣ ಸಾಕ್ಷ್ಯವಲ್ಲ.

ಈ ವಿಷಯದಲ್ಲಿ ನಡುವೆ ನಿಲ್ಲಬೇಕಾದ ಹೆಸರು ಜೇಮ್ಸ್ ವೇಲ್ಸ್ (1747–1795). ಸ್ಕಾಟ್ಲೆಂಡಿನ ಪೀಟರ್‌ಹೆಡ್‌ನವನಾದ ಈತ ಅಬರ್ಡೀನಿನಲ್ಲಿ ಓದಿ, ಹೆಚ್ಚಾಗಿ ಸ್ವಂತ ದುಡಿಮೆಯಿಂದ ಚಿತ್ರಕಲೆ ಕಲಿತು, 1791ರಲ್ಲಿ ಮುಂಬಯಿಗೆ ಬಂದ. ಮುಂಬಯಿ ದ್ವೀಪದ ಮತ್ತು ನೆರೆಯ ಹನ್ನೆರಡು ನೋಟಗಳನ್ನು ಬರೆದ. ಮರುವರ್ಷ ಮ್ಯಾಲೆಟ್‌ನ ಕರೆಯ ಮೇಲೆ ಪುಣೆಗೆ ಹೋದ. ಅಲ್ಲಿ ಆತ ಸವಾಯಿ ಮಾಧವರಾವ್ ಪೇಶ್ವೆಯನ್ನು ನಾನಾ ಫಡ್ನವೀಸನೊಡನೆ ಚಿತ್ರಿಸಿದ. ಮಹಾದಜಿ ಶಿಂದೆಯ ಭಾವಚಿತ್ರವನ್ನೂ ಬರೆದ. ಹೊಟ್ಟೆ ತುಂಬಿಸಿದ್ದು ಇವು. ಆತನ ಮನಸ್ಸು ಹಿಡಿದದ್ದು ಮಾತ್ರ ಗುಹೆಗಳಲ್ಲಿ. 1793ರಲ್ಲಿ ಥಾಮಸ್ ಡೇನಿಯಲ್ (1749–1840) ಮತ್ತು ಆತನ ಸೋದರನ ಮಗ ವಿಲಿಯಂ (1769–1837) ಭಾರತ ಸುತ್ತಿ, ಊರಿಗೆ ಮರಳುವ ಹಡಗಿಗಾಗಿ ಮುಂಬಯಿ ಸೇರಿದಾಗ ಅವರನ್ನು ಎಲಿಫೆಂಟಾ ಮತ್ತು ಸಾಷ್ಟಿಯ ಗುಹೆಗಳಿಗೆ ಕರೆದೊಯ್ದವನು ವೇಲ್ಸ್. 1795ರಲ್ಲಿ ಎಲ್ಲೋರಾದ ಕೆಲಸ ಮುಗಿಸಿ ಬಂದು ಎಲಿಫೆಂಟಾದ ಶಿಲ್ಪಗಳ ಚಿತ್ರಸರಣಿಯಲ್ಲಿ ತೊಡಗಿದ್ದಾಗಲೇ, ಆ ವರ್ಷದ ನವೆಂಬರಿನಲ್ಲಿ ಆತ ತೀರಿಕೊಂಡ. ಬ್ರಿಟನ್ನಿನ ಹಳೆಯ ರಾಷ್ಟ್ರೀಯ ಜೀವನಚರಿತ್ರಾ ಕೋಶ ಸಾವಿನ ಸ್ಥಳ ಥಾಣೆಯೆಂದು ಭಾವಿಸುತ್ತದೆ. ಆತ ಚಿತ್ರಿಸಿದ್ದ ಎಳೆಯ ಪೇಶ್ವೆ ಅದಕ್ಕೆ ಕೆಲವೇ ವಾರಗಳ ಹಿಂದೆ ಶನಿವಾರವಾಡೆಯಲ್ಲಿ ಮೇಲಿನಿಂದ ಬಿದ್ದು ಸತ್ತಿದ್ದ.

ಡೇನಿಯಲರ ಕೈಯಲ್ಲಿ ಈ ಕಲ್ಲುಗಳು ಕಾಗದಕ್ಕೆ ಇಳಿದ ಬಗೆಯನ್ನು ತುಸು ತಿಳಿಯಬೇಕು. ಕತ್ತಲ ಪೆಟ್ಟಿಗೆಯ ಮಸೂರದ ಮೂಲಕ ಕಾಗದದ ಮೇಲೆ ಬೀಳುವ ಬಿಂಬದ ಅಂಚುಗಳನ್ನು ಪೆನ್ಸಿಲಿನಿಂದ ಹಿಡಿದು ಅವರು ಮೊದಲ ರೇಖೆ ಹಾಕಿಕೊಳ್ಳುತ್ತಿದ್ದರು. ಊರಿಗೆ ಮರಳಿದ ಮೇಲೆ ತಾಮ್ರದ ತಗಡಿಗೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಿದ್ದರು. ರಾಳದ ಕಣಗಳ ನಡುವೆ ಆಮ್ಲ ತಿಂದ ಜಾಗ ಶಾಯಿ ಹಿಡಿದು, ನೀರುಬಣ್ಣ ಹಚ್ಚಿದಂಥ ಮೆತ್ತನೆಯ ಛಾಯೆ ಕೊಡುತ್ತದೆ. ಈ ಆಕ್ವಾಟಿಂಟ್ ವಿಧಾನ ಗುಹೆಗೆ ಹೇಳಿ ಮಾಡಿಸಿದಂತಿತ್ತು. ಹೊರಗಿನ ಬೆಳಕು ಕಂಬದಿಂದ ಕಂಬಕ್ಕೆ ಮಾಸುತ್ತ ಒಳಗಿನ ಕತ್ತಲಿಗೆ ಸೇರುವುದನ್ನು ಬರಿಯ ಗೆರೆಯಿಂದ ತೋರಿಸಲಾಗದು. 1795ರಿಂದ 1808ರವರೆಗೆ ಬಂದ 'ಓರಿಯೆಂಟಲ್ ಸೀನರಿ'ಯ 144 ಫಲಕಗಳಲ್ಲಿ ಎಲಿಫೆಂಟಾ ಮತ್ತು ಸಾಷ್ಟಿಯ ಗುಹೆಗಳಿವೆ. ಅದರ ಭಾಗವಾದ ಎಲ್ಲೋರಾದ 24 ಫಲಕಗಳು 1803ರಲ್ಲಿ, ಆಗಲೇ ತೀರಿಕೊಂಡಿದ್ದ ವೇಲ್ಸ್‌ನ ಚಿತ್ರಗಳ ಆಧಾರದಲ್ಲಿ ಬಂದವು.

ಐರೋಪ್ಯ ಶಿಲ್ಪಿಗಳ ಮಾತು ಬೇಗ ಮುಗಿಯುತ್ತದೆ. ಚಿತ್ರಕಾರ ಬಣ್ಣದ ಪೆಟ್ಟಿಗೆಯೊಡನೆ ಹಡಗು ಹತ್ತಬಲ್ಲ. ಶಿಲ್ಪಿಗೆ ಅಮೃತಶಿಲೆ, ಕಾರ್ಯಾಗಾರ, ಸಹಾಯಕರು ಬೇಕು. ಹಾಗಾಗಿ ಅವರ ಪ್ರತಿಮೆಗಳು ಬಂದವು, ಅವರು ಬರಲಿಲ್ಲ. ಥಾಮಸ್ ಬ್ಯಾಂಕ್ಸ್ (1735–1805) ಲಂಡನ್ನಿನಲ್ಲಿ ಕೆತ್ತಿದ ಕಾರ್ನ್‌ವಾಲಿಸ್ ಪ್ರತಿಮೆ ಮದರಾಸಿಗೆ ಬಂತು. ಅದರ ಪೀಠದಲ್ಲಿ ಟಿಪ್ಪುವಿನ ಮಕ್ಕಳನ್ನು ಒತ್ತೆಯಾಗಿ ಒಪ್ಪಿಸುವ ದೃಶ್ಯವಿದೆ. ಸಾಷ್ಟಿಯ ಕಲ್ಲಿನೆದುರು ಉಳಿ ಹಿಡಿದು ನಿಂತ ಐರೋಪ್ಯನಿಲ್ಲ. ಇಂಗ್ಲಿಷ್ ಹಡಗಿನವರು ಎಲಿಫೆಂಟಾದಿಂದ ಒಡೆದ ಶಿಲ್ಪದ ತುಂಡುಗಳನ್ನು ಲಂಡನ್ನಿಗೆ ಸಾಗಿಸಿದ್ದುಂಟು. ಅವುಗಳಲ್ಲೊಂದು ಸಂಗ್ರಾಹಕ ಚಾರ್ಲ್ಸ್ ಟೌನ್ಲಿಯ ಕೈಸೇರಿತು. ಕಲ್ಲನ್ನು ಒಡೆದು ಒಯ್ದವರನ್ನೂ ಕಲ್ಲಿನ ಮುಂದೆ ಕೂತು ಬರೆದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಆದರೆ ತಕ್ಕಡಿ ಒಂದೇ ಎನ್ನುವವರ ವಾದಕ್ಕೆ ತೂಕವಿದೆ; ಕನ್ನಡಿಗರಿಗಂತೂ ಅದು ತಟ್ಟುವಂಥದ್ದು. ವೇಲ್ಸ್ ಯೋಜಿಸಿದ್ದ ಅತಿದೊಡ್ಡ ಚಿತ್ರದ ವಸ್ತು 1790ರಲ್ಲಿ ಪುಣೆಯ ದರಬಾರಿನಲ್ಲಿ ಮ್ಯಾಲೆಟ್ ಕುದುರಿಸಿದ ಒಪ್ಪಂದ. ಅದು ಟಿಪ್ಪು ಸುಲ್ತಾನನ ಮೇಲೆ ಮರಾಠರೂ ಇಂಗ್ಲಿಷರೂ ಕೂಡಿ ಯುದ್ಧಕ್ಕೆ ಹೋಗುವ ಒಪ್ಪಂದ. ಆ ಸೇನೆಯ ಬೆನ್ನಿಗೆ ಮೈಸೂರು ಸೀಮೆಗೆ ಹೋದ ರಾಬರ್ಟ್ ಹೋಮ್ (1752–1834) ಬೆಂಗಳೂರು, ಸಾವನದುರ್ಗಗಳನ್ನು ಬರೆದು 1794ರಲ್ಲಿ 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' ಪ್ರಕಟಿಸಿದ. ಕೋಟೆ ಬಿದ್ದ ಊರು ಅಲ್ಲಿ ಸುಂದರ ನೋಟವಾಯಿತು. ಕುಂಚ ಫಿರಂಗಿಯ ಹಿಂದೆಯೇ ಬಂತು ಎಂಬುದನ್ನು ಅಲ್ಲಗಳೆಯಲಾಗದು. ಅಷ್ಟರಿಂದ ಚಿತ್ರವೆಲ್ಲ ಫಿರಂಗಿಯದೇ ಆಯಿತೆಂದು ತೀರ್ಮಾನಿಸುವಂತಿಲ್ಲ. ಹೋಮನ ಕೋಟೆಗಳಲ್ಲಿ ಗೆದ್ದವನ ಕಣ್ಣಿದೆ, ಏಕೆಂದರೆ ನೋಡುವವನಿಗೆ ಕಥೆಯ ಕೊನೆ ಮೊದಲೇ ಗೊತ್ತು. ಕಾನ್ಹೇರಿಯಲ್ಲಿ ಕಂಪನಿ ಗೆದ್ದದ್ದೇನೂ ಇಲ್ಲ. ಮೂರ್ತಿ ಯಾರದು, ಕೆತ್ತಿಸಿದವರು ಯಾರು ಎಂಬುದೂ ಚಿತ್ರಕಾರನಿಗೆ ತಿಳಿಯದು. ತಿಳಿಯದವನು ಗಮನವಿಟ್ಟು ನೋಡಲೇಬೇಕಾಯಿತು.

ಎರಡನೆಯ ಆಕ್ಷೇಪ ನಿಖರತೆಯದು. ಅಂದಿನ ರುಚಿಗೆ ತಕ್ಕಂತೆ ಮರ ಬಾಗಿಸಿ, ಮೂಲೆಯಲ್ಲಿ ನಾಲ್ಕು ಜನರನ್ನು ನಿಲ್ಲಿಸಿ, ಕತ್ತಲನ್ನು ಗಾಢವಾಗಿಸಿದ ಚಿತ್ರಗಳು ದಾಖಲೆಯಾದಾವೇ? ಉತ್ತರಕ್ಕೆ ಘಾರಾಪುರಿಯ ಆನೆಯೇ ಸಾಕ್ಷಿ. ಪೋರ್ಚುಗೀಸರು ಯಾವ ಕಲ್ಲಾನೆಯಿಂದ ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರಿಟ್ಟರೋ ಆ ಆನೆಯ ಬೆನ್ನ ಮೇಲೆ ಚಿಕ್ಕ ಪ್ರಾಣಿಯೊಂದು ಇದ್ದದ್ದನ್ನು ಕ್ಯಾಪ್ಟನ್ ಪೈಕ್ 1712ರಲ್ಲಿ ದಾಖಲಿಸಿದ. ಅದು 1785ರಲ್ಲಿ ಲಂಡನ್ನಿನ ಪುರಾತತ್ವ ಪತ್ರಿಕೆಯಲ್ಲಿ ಅಚ್ಚಾಯಿತು. 1814ರಲ್ಲಿ ಆನೆಯ ತಲೆ ಕಳಚಿಬಿತ್ತು. 1864ರಲ್ಲಿ ತುಂಡುಗಳನ್ನು ಭಾಯಖಳಾದ ರಾಣಿಬಾಗಿಗೆ ಸಾಗಿಸಿ ಆಮೇಲೆ ಜೋಡಿಸಿ ನಿಲ್ಲಿಸಿದರು. ಮೊದಲಿನ ರೂಪ ತಿಳಿಯಬೇಕಾದರೆ ಆ ಹಳೆಯ ಗೆರೆಗಳೇ ಗತಿ. ಎಲಿಫೆಂಟಾದ ಮುರಿದ ಕಂಬಗಳಲ್ಲಿ ಹಲವನ್ನು 20ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಲಾಗಿದೆ. ಯಾವುದು ಹಳತು, ಯಾವುದು ದುರಸ್ತಿ ಎಂದು ಬೇರ್ಪಡಿಸಲು ನೀಬೂರನ ನಕ್ಷೆಯನ್ನೂ ಡೇನಿಯಲರ ಫಲಕವನ್ನೂ ಅಕ್ಕಪಕ್ಕ ಇಡಬೇಕು. ಒಂದರಲ್ಲಿ ಲೆಕ್ಕ, ಇನ್ನೊಂದರಲ್ಲಿ ಬೆಳಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ: ಈ ಕೆಲಸ ಐರೋಪ್ಯರೊಬ್ಬರದೇ ಅಲ್ಲ. ಪುಣೆಯ ಗಂಗಾರಾಮ ಚಿಂತಾಮಣ ತಾಂಬಟ ಮ್ಯಾಲೆಟ್‌ನ ಆಶ್ರಯದಲ್ಲಿ ಎಲ್ಲೋರಾ, ಕಾರ್ಲೆಗಳನ್ನು ಚಿತ್ರಿಸಿದ. ತಾಂಬಟರೆಂದರೆ ತಾಮ್ರದ ಕೆಲಸದವರು. ಮ್ಯಾಲೆಟ್ ಎಲ್ಲೋರಾದ ಬಗ್ಗೆ ಬರೆದ ಲೇಖನಕ್ಕೂ ಗಂಗಾರಾಮನ ಚಿತ್ರಗಳೇ ಆಧಾರ. ವೇಲ್ಸ್ ಆತನಿಗೆ ಐರೋಪ್ಯ ರೀತಿಯ ಚಿತ್ರಣ ಕಲಿಸಿದನೆಂಬುದು ನಿಜ. ಆದರೆ ಪೇಶ್ವೆಯ ಪ್ರಾಣಿಸಂಗ್ರಹದ ಘೇಂಡಾಮೃಗವನ್ನು ಗಂಗಾರಾಮ ಕಣ್ಣಾರೆ ಕಂಡು ಬರೆದದ್ದು 1790ರ ನವೆಂಬರಿನಲ್ಲಿ, ವೇಲ್ಸ್ ಮುಂಬಯಿಗೆ ಕಾಲಿಡುವ ಮೊದಲೇ. ನೋಡಿ ಬರೆಯುವ ಕಣ್ಣು ಹಡಗಿನಲ್ಲಿ ಬಂತೆಂದು ಹೇಳಲಾಗದು. ಎಲ್ಲೋರಾ ಸಂಪುಟದ ಮುಖಪುಟದಲ್ಲಿ ವೇಲ್ಸ್ ಮತ್ತು ಡೇನಿಯಲ್ ಇದ್ದಾರೆ, ಗಂಗಾರಾಮನಿಲ್ಲ. ಆತನ ಚಿತ್ರಗಳು ಇಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿವೆ. ಈ ಆಕ್ಷೇಪವನ್ನು ತಳ್ಳಿಹಾಕುವ ಬದಲು ಒಪ್ಪಿಕೊಳ್ಳುವುದೇ ಸರಿ. ಅದರಿಂದ ವೇಲ್ಸ್ ಚಿಕ್ಕವನಾಗುವುದಿಲ್ಲ. ಗುಹೆಯ ಮುಂದೆ ಕಲಿಯಲು ಕೂತವರಲ್ಲಿ ಆತನೊಬ್ಬನೇ ಇರಲಿಲ್ಲ ಎಂದಾಗುತ್ತದೆ.

ಅವರಿಗೆ ಕಾಣದೆ ಹೋದದ್ದನ್ನೂ ದಾಖಲಿಸಬೇಕು. ಐರೋಪ್ಯರು ಕಾನ್ಹೇರಿಯನ್ನು 'ಕೆನರಾ ಗುಹೆಗಳು' ಎಂದು ಬರೆದರು. ಅದನ್ನು ಓದಿದ ಕನ್ನಡಿಗ ಕನ್ನಡ ಜಿಲ್ಲೆಯ ಹೆಸರೆಂದು ಹಿಗ್ಗಬಾರದು. ಅದು ಕೃಷ್ಣಗಿರಿಯಿಂದ, ಅಲ್ಲಿಯ ಶಾಸನಗಳ ಕಣ್ಹಗಿರಿಯಿಂದ ಬಂದದ್ದು. ಆದರೆ ಹೆಸರಿನಲ್ಲಿಲ್ಲದ ನಂಟು ಗೋಡೆಯಲ್ಲಿದೆ. ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಹೇಳುತ್ತವೆ. 'ಕವಿರಾಜಮಾರ್ಗ'ದೊಡನೆ ಕನ್ನಡಿಗರು ನೆನೆಯುವ ನೃಪತುಂಗನೇ ಆತ. ಕೊಂಕಣವನ್ನು ಆತನ ಸಾಮಂತರಾದ ಶಿಲಾಹಾರರು ಆಳುತ್ತಿದ್ದಾಗ ಬೌದ್ಧ ವಿಹಾರಕ್ಕೆ ಸಂದ ದಾನಗಳ ಲೆಕ್ಕ ಅವು. ಬ್ರಾಹ್ಮಿಯಂಥ ಹಳೆಯ ಲಿಪಿಗಳನ್ನು ಇಂಗ್ಲಿಷ್ ವಿದ್ವಾಂಸ ಪ್ರಿನ್ಸೆಪ್ ಬಿಡಿಸಿದ್ದು 1837ರ ಹೊತ್ತಿಗೆ. ಅದಕ್ಕೆ ನಾಲ್ಕು ದಶಕ ಮೊದಲು ಬಂದ ಚಿತ್ರಕಾರರಿಗೆ ಗೋಡೆಯ ಬರಹ ಓದದ ಗುರುತುಗಳ ಸಾಲು. ಮೂರನೆಯ ಗುಹೆಯ ಚೈತ್ಯದ ಮುಂದೆ ಇಂದು ನಿಲ್ಲುವವರಿಗೆ, ಮುಖಮಂಟಪದ ಎರಡು ತುದಿಗಳಲ್ಲಿ ಎತ್ತರಕ್ಕೆ ನಿಂತ ಬುದ್ಧಮೂರ್ತಿಗಳೂ ಬಾಗಿಲ ಪಕ್ಕದ ದಾನಿ ದಂಪತಿಗಳೂ ಆ ಚಿತ್ರಕಾರರು ಕಂಡ ಬೆಳಕಿನಲ್ಲೇ ಕಾಣುತ್ತವೆ.