ಮೇಗುಟಿಯಿಂದ ಲೋಕೇಶ್ವರಕ್ಕೆ: ಚಾಲುಕ್ಯ–ಪಲ್ಲವ ವಾಸ್ತುಶಿಲ್ಪದ ಕೊಡುಕೊಳೆ

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಕಂಚಿಯ ಕೈಲಾಸನಾಥ ದೇವಾಲಯದ ಅನುಕರಣೆ ಎಂಬ ಮಾತು ಸಾಹಿತ್ಯ–ಸಂಸ್ಕೃತಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಅದರಲ್ಲಿ ಸತ್ಯಾಂಶವಿದೆ, ಪೂರ್ಣಸತ್ಯವಿಲ್ಲ. ಕಟ್ಟಡಗಳನ್ನೂ ಶಾಸನಗಳನ್ನೂ ಕಾಲಾನುಕ್ರಮದಲ್ಲಿರಿಸಿ ನೋಡಿದಾಗ ಇದು ಸ್ಪಷ್ಟವಾಗುತ್ತದೆ.

ಐಹೊಳೆಯ ಮೇಗುಟಿ ಜಿನಾಲಯವನ್ನು ಕವಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಕಾಲದಲ್ಲಿ, ಶಕ 556ರಲ್ಲಿ (ಕ್ರಿ.ಶ. 634) ಕಟ್ಟಿಸಿದನು. ನಮ್ಮ ಕರಾವಳಿಯನ್ನಾಳಿದ ಆಳುಪರು ಪುಲಕೇಶಿಗೆ ವಿಧೇಯರಾದುದನ್ನು ಹೇಳುವುದೂ ಇಲ್ಲಿನ ಶಾಸನವೇ. ಈ ಜಿನಾಲಯದ ಅಧಿಷ್ಠಾನ ಮತ್ತು ಗೋಡೆಯ ಅರೆಗಂಬಗಳು ದ್ರಾವಿಡ ಕ್ರಮದವು. ಬಾದಾಮಿಯ ಮಾಲೆಗಿತ್ತಿ ಶಿವಾಲಯವೂ 7ನೆಯ ಶತಮಾನದ್ದೇ. ಅದರ ವಿಮಾನವು ಎಂಟು ಮುಖಗಳ ಶಿಖರದಿಂದ ಕೂಡಿದೆ. ಕಂಚಿಯ ಕೈಲಾಸನಾಥವಾದರೋ ರಾಜಸಿಂಹ ಪಲ್ಲವನ ನಿರ್ಮಿತಿ, 8ನೆಯ ಶತಮಾನದ ಆದಿಭಾಗದ್ದು. ಆದುದರಿಂದ ದ್ರಾವಿಡ ವಿಮಾನವನ್ನು ಚಾಲುಕ್ಯರು ಕೈಲಾಸನಾಥದಿಂದ ಕಲಿತರೆನ್ನಲಾಗದು.

642ರಲ್ಲಿ ನರಸಿಂಹವರ್ಮನು ವಾತಾಪಿಯನ್ನು ಗೆದ್ದು ಅಲ್ಲಿಯ ಬಂಡೆಯ ಮೇಲೆ ಶಾಸನ ಬರೆಸಿದನು. ಶತಮಾನದ ತರುವಾಯ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕನು. ಅವನು ಕೈಲಾಸನಾಥದಲ್ಲಿ ಬರೆಸಿದ್ದು ಕನ್ನಡ ಶಾಸನ. ದೇವರ ಸಂಪತ್ತನ್ನು ಕಂಡು ಅದನ್ನು ದೇವರಿಗೇ ಮರಳಿ ಬಿಟ್ಟನೆಂಬುದು ಅದರ ಸಾರ. ಪತಿಯು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಲೋಕೇಶ್ವರವನ್ನು ಕಟ್ಟಿಸಿದಳು. ಅದೇ ಇಂದಿನ ವಿರೂಪಾಕ್ಷ.

ಪ್ರಾಕಾರದ ಗೋಡೆಗೆ ಹೊಂದಿಸಿದ ಕಿರುಗುಡಿಗಳ ಸಾಲಿನಲ್ಲಿ ಕಂಚಿಯ ನೆನಪು ನಿಚ್ಚಳವಾಗಿದೆ. ಆದರೆ ವಿಮಾನದ ಮುಂದೆ ಚಾಚಿದ ಶುಕನಾಸಿ, ಮೂರು ಕಡೆ ಮುಖಮಂಟಪಗಳುಳ್ಳ ವಿಶಾಲ ಸಭಾಮಂಟಪ, ರಾಮಾಯಣ–ಮಹಾಭಾರತದ ಕಥೆಗಳನ್ನು ಹೊತ್ತ ಕಂಬಗಳು ಮಲಪ್ರಭೆಯ ತೀರದಲ್ಲಿ ಬೆಳೆದ ಪರಂಪರೆಗೆ ಸೇರಿದವು. ಪಡೆದುದು ಇಲ್ಲಿಯದರೊಡನೆ ಬೆರೆತು ಹೊಸರೂಪ ತಾಳಿತು.

ಈ ಬೆರಕೆಯ ಕರ್ತೃಗಳು ಯಾರು? ಶಾಸನಗಳೇ ಉತ್ತರಿಸುತ್ತವೆ. ಸೂತ್ರಧಾರಿ ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದಿತ್ತು. ಸರ್ವಸಿದ್ಧಿ ಆಚಾರಿಯನ್ನು ಶಾಸನವು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಕರೆದು, ಮನೆ, ಪ್ರಾಸಾದ, ಯಾನ, ಆಸನ, ಶಯನಗಳ ನಿರ್ಮಾಣದಲ್ಲಿ ಅವನಿಗಿದ್ದ ಹಿರಿಮೆಯನ್ನು ಹೊಗಳುತ್ತದೆ. ಅರಸರು ಕಾದಾಡಿದರು, ವಿದ್ಯೆಯನ್ನು ಗಡಿ ದಾಟಿಸಿದವರು ಆಚಾರಿಗಳು.

ಮುಂದೆ ಚಾಲುಕ್ಯರ ರಾಜ್ಯ ರಾಷ್ಟ್ರಕೂಟರ ಪಾಲಾಯಿತು. ಆದರೂ ಒಂದನೆಯ ಕೃಷ್ಣನ ಹೆಸರಿನೊಡನೆ ಸೇರಿರುವ ಎಲ್ಲೋರದ ಕೈಲಾಸದಲ್ಲಿ ಪಟ್ಟದಕಲ್ಲಿನ ವಿನ್ಯಾಸವೇ ಏಕಶಿಲೆಯಲ್ಲಿ ಮರುಹುಟ್ಟು ಪಡೆಯಿತು. ರಾಜವಂಶ ಅಳಿದರೂ ಶಿಲ್ಪಪರಂಪರೆ ಉಳಿಯಿತು.

ಚಾಲುಕ್ಯ ಶೈಲಿ, ಪಲ್ಲವ ಶೈಲಿ ಎಂಬ ಹೆಸರುಗಳು ವರ್ಗೀಕರಣಕ್ಕೆ ಅನುಕೂಲವೇ ಸರಿ. ಆದರೆ ಪ್ರಭಾವವೆಂಬ ಪದವನ್ನು ಬಳಸುವ ಸಂಶೋಧಕನು ಯಾವ ಅಂಗ, ಯಾವ ಕಾಲ, ಯಾರ ಕೈ ಎಂಬ ಮೂರನ್ನೂ ಕೇಳಬೇಕು.